ಯಾವ ಬಣ್ಣಕ್ಕೆ ಯಾವ ಕೆಲಸ: ಒಂದು ಕಬಡ್ಡಿ ಪಂದ್ಯಾವಳಿಯ ಚಾರ್ಟುಗಳ ಪ್ರಕರಣ

ಹಿನ್ನೆಲೆ

ಹಳೇ ಮೈಸೂರು ಕಡೆಯ ಒಂದು ತಾಲ್ಲೂಕಿನಲ್ಲಿ ಪ್ರತಿ ವರ್ಷ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನಡೆಯುತ್ತದೆ. ಊರು, ತಂಡ, ಜನ ಯಾರ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮೊದಲು ಅದು ನಾಕೌಟ್ ಪಂದ್ಯಾವಳಿ ಆಗಿತ್ತು. ಸೋತವರು ಅದೇ ರಾತ್ರಿ ಗಾಡಿ ಹತ್ತುತ್ತಿದ್ದರು. ಯಾರಿಗೂ ಚಾರ್ಟ್ ಬೇಕಿರಲಿಲ್ಲ. ಆಮೇಲೆ ಸಮಿತಿಯವರು ಎಂಟು ತಂಡಗಳ ಲೀಗ್ ಮಾಡಿದರು. ಪ್ರತಿ ತಂಡವೂ ಉಳಿದ ಏಳು ತಂಡಗಳ ಜೊತೆ ಆಡಬೇಕು. ಒಟ್ಟು 28 ಪಂದ್ಯ, ಶನಿವಾರ ಮತ್ತು ಭಾನುವಾರದ ರಾತ್ರಿಗಳಲ್ಲಿ. ಆಗ ಲೆಕ್ಕ ಶುರುವಾಯಿತು. ಯಾರು ಎಷ್ಟು ಗೆದ್ದರು, ಅಂಕಗಳ ಅಂತರ ಎಷ್ಟು, ಸೆಮಿಫೈನಲ್‌ಗೆ ಯಾರಿಗೆ ಇನ್ನೂ ದಾರಿ ಇದೆ ಅಂತ ಜನ ವಾರವಿಡೀ ಕೇಳತೊಡಗಿದರು.

ಸ್ಕೋರ್ ಬರೆಯುತ್ತಿದ್ದವನು ಡಿಗ್ರಿ ಓದುವ ಒಬ್ಬ ಹುಡುಗ. ಚುರುಕು. ಲ್ಯಾಪ್‌ಟಾಪಿನಲ್ಲಿ ಪ್ರತಿ ರೈಡನ್ನೂ ಬರೆದುಕೊಳ್ಳುತ್ತಿದ್ದ. ಅದರಿಂದ ಮೂರು ಬಗೆಯ ಚಾರ್ಟ್ ಮಾಡುತ್ತಿದ್ದ. ಒಂದು, 40 ನಿಮಿಷದ ಆಟದಲ್ಲಿ ಎರಡೂ ತಂಡಗಳ ಅಂಕ ಹೇಗೆ ಏರಿತು ಎಂದು ತೋರಿಸುವ ಗೆರೆ ಚಾರ್ಟ್. ಇನ್ನೊಂದು, ಅರ್ಧ ಅಂಕಣದ ಚಿತ್ರ ಬರೆದು, ರೈಡರ್ ಎಲ್ಲಿ ಅಂಕ ತಂದ, ಎಲ್ಲಿ ಸಿಕ್ಕಿಬಿದ್ದ ಎಂದು ಚುಕ್ಕಿ ಇಡುವ ರೈಡ್ ನಕ್ಷೆ. ಮೂರನೆಯದು ಲೀಗ್ ಪಟ್ಟಿ. ಅದರಲ್ಲಿ ಪ್ರತಿ ತಂಡದ ಮುಂದೆ ಗೆಲುವಿಗೆ ಹಸಿರು, ಸೋಲಿಗೆ ಕೆಂಪು, ಟೈಗೆ ಹಳದಿ ಚೌಕ.

ಈ ಚಾರ್ಟುಗಳು ಮೂರು ಜಾಗಕ್ಕೆ ಹೋಗುತ್ತಿದ್ದವು. ಅಂಕಣದ ಪಕ್ಕದ ಎಲ್‌ಇಡಿ ಪರದೆಗೆ, ತಂಡಗಳ ವಾಟ್ಸಾಪ್ ಗುಂಪುಗಳಿಗೆ, ಆಮೇಲೆ ಜೆರಾಕ್ಸ್ ಆಗಿ ಕೋಚ್‌ಗಳ ಕೈಗೆ ಮತ್ತು ಗೇಟಿನ ಬಳಿಯ ಬೋರ್ಡಿಗೆ. ಬಣ್ಣ ಆರಿಸುವಾಗ ಈ ಮೂರನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಲ್ಯಾಪ್‌ಟಾಪಿನ ಮುಂದೆ ಕೂತಾಗ ಅದು ಸುಲಭವಾಗಿ ಮರೆತುಹೋಗುತ್ತದೆ.

ನಾನು ಚಾರ್ಟ್ ಮತ್ತು ನಕ್ಷೆಗಳ ಕೆಲಸ ಮಾಡುವವನು. ಲೀಗ್ ಅರ್ಧ ಮುಗಿದಾಗ ಸಮಿತಿಯವರು ಕರೆದರು. "ಸ್ವಲ್ಪ ಚೆನ್ನಾಗಿ ಕಾಣೋ ಹಾಗೆ ಬಣ್ಣ ಹಾಕ್ಕೊಡಿ ಸಾರ್" ಅನ್ನುವುದು ಅವರ ಬೇಡಿಕೆ. ಅಷ್ಟರಲ್ಲಿ ನಡೆದಿದ್ದ ಒಂದು ಸಂಗತಿಯನ್ನು ಸ್ಕೋರರ್ ಹುಡುಗ ಹೇಳಿದ. ಇಡೀ ಕೆಲಸದ ದಿಕ್ಕು ಬದಲಾಗಿದ್ದು ಅದರಿಂದ.

ಮೇಷ್ಟ್ರಿಗೆ ಕಾಣದ ಚುಕ್ಕಿ

ಒಂದು ತಂಡದ ಕೋಚ್ ಹಿರಿಯ ಪಿ.ಟಿ. ಮೇಷ್ಟ್ರು. ತಮ್ಮ ಮುಖ್ಯ ರೈಡರ್‌ನ ನಕ್ಷೆಯನ್ನು ಫೋನಿನಲ್ಲಿ ನೋಡಿ, ಅವನಿಗೆ ಬಲ ಮೂಲೆ ಚೆನ್ನಾಗಿ ಒಲಿದಿದೆ ಎಂದು ತಿಳಿದಿದ್ದರು. ಮುಂದಿನ ಪಂದ್ಯದಲ್ಲಿ ಅಲ್ಲಿಗೇ ಹೋಗು ಎಂದು ಹುರಿದುಂಬಿಸಿದ್ದರು. ಅವನು ಅಲ್ಲೇ ಮತ್ತೆ ಮತ್ತೆ ಸಿಕ್ಕಿಬಿದ್ದ. ಪಂದ್ಯ ಮುಗಿದ ಮೇಲೆ ಮೇಷ್ಟ್ರು ನೇರವಾಗಿ ಸ್ಕೋರರ್ ಮೇಜಿನ ಹತ್ತಿರ ಬಂದರು.

"ಏನಪ್ಪಾ, ಬಲ ಮೂಲೇಲಿ ಇಷ್ಟೊಂದು ಪಾಯಿಂಟ್ ಬಂದಿದೆ ಅಂತ ತೋರ್ಸಿದೀಯ. ಹುಡುಗ ನೋಡಿದ್ರೆ ಅಲ್ಲೇ ಸಿಗಾಕ್ಕೊಳ್ತಾನೆ."

"ಮೇಷ್ಟ್ರೇ, ಅದು ಪಾಯಿಂಟ್ ಅಲ್ಲ, ಕೆಂಪು ಚುಕ್ಕಿ. ಕೆಂಪು ಅಂದ್ರೆ ಔಟ್."

ಮೇಷ್ಟ್ರು ಫೋನನ್ನು ದೂರ ಹಿಡಿದರು, ಮತ್ತೆ ಹತ್ತಿರ ತಂದರು. "ಕೆಂಪು ಎಲ್ಲಪ್ಪಾ ಐತೆ? ಎಲ್ಲಾ ಒಂದೇ ತರ ಇದಾವಲ್ಲ."

ಹುಡುಗ ಮೊದಲು ವಯಸ್ಸಿನಿಂದ ಕಣ್ಣು ಮಂಜಾಗಿದೆ ಅಂದುಕೊಂಡಿದ್ದ. ನಾನು ಮೇಷ್ಟ್ರ ಜೊತೆ ಕೂತು ನಿಧಾನವಾಗಿ ಕೇಳಿದಾಗ ವಿಷಯ ಬೇರೆಯೇ ಇತ್ತು. ಮೆಣಸಿನ ಗಿಡದಲ್ಲಿ ಹಣ್ಣು ಮೆಣಸಿನಕಾಯಿ ಬಿಡಿಸುವಾಗ ಅರ್ಧಕ್ಕರ್ಧ ಗಿಡದಲ್ಲೇ ಬಿಟ್ಟು ಬರುತ್ತಾರೆ ಎಂದು ಮನೆಯಲ್ಲಿ ಚಿಕ್ಕಂದಿನಿಂದ ಬೈಸಿಕೊಂಡವರು ಅವರು. ಎಲೆಯ ನಡುವೆ ಕೆಂಪು ಎದ್ದು ಕಾಣುವುದೇ ಇಲ್ಲ. ಇಷ್ಟು ವರ್ಷ ಅದನ್ನು ಯಾರೂ ಬಣ್ಣದ ತೊಂದರೆ ಎಂದು ನೋಡಿರಲಿಲ್ಲ.

ಕೆಂಪು ಮತ್ತು ಹಸಿರನ್ನು ಬೇರೆ ಮಾಡಿ ನೋಡಲು ಕಷ್ಟವಾಗುವುದು ಹೆಚ್ಚಾಗಿ ಹುಟ್ಟಿನಿಂದಲೇ ಬರುವ ಸಂಗತಿ. ಕಣ್ಣಿನ ಹಿಂಭಾಗದಲ್ಲಿ ಬಣ್ಣ ಹಿಡಿಯುವ ಮೂರು ಬಗೆಯ ಕೋಶಗಳಿವೆ. ಅವುಗಳಲ್ಲಿ ಕೆಂಪು ಕಡೆಯದೋ ಹಸಿರು ಕಡೆಯದೋ ಸರಿಯಾಗಿ ಕೆಲಸ ಮಾಡದಿದ್ದರೆ ಎರಡೂ ಬಣ್ಣ ಒಂದೇ ತರದ ಮಾಸಲು ಕಂದಾಗಿ ಕಾಣುತ್ತವೆ. ಇದರ ಜೀನ್ ಎಕ್ಸ್ ವರ್ಣತಂತುವಿನಲ್ಲಿ ಇರುವುದರಿಂದ ಗಂಡಸರಲ್ಲೇ ಜಾಸ್ತಿ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 12 ಜನಕ್ಕೆ ಒಬ್ಬರಿಗೆ, ಹೆಂಗಸರಲ್ಲಿ 200ಕ್ಕೆ ಒಬ್ಬರಿಗೆ ಇದು ಇದೆ. ಪ್ರಮಾಣ ಜನಾಂಗದಿಂದ ಜನಾಂಗಕ್ಕೆ ಬದಲಾಗುತ್ತದೆ. ಆದರೆ ಕಬಡ್ಡಿ ನೋಡಲು ಸಾವಿರ ಗಂಡಸರು ಸೇರುವ ಕಡೆ ಮೇಷ್ಟ್ರು ಒಬ್ಬರೇ ಇರಲು ಸಾಧ್ಯವಿಲ್ಲ.

ದೊಡ್ಡ ದುಡ್ಡಿನ ಆಟಗಳಲ್ಲೂ ಇದು ಆಗಿದೆ. 2015ರ ನವೆಂಬರಿನಲ್ಲಿ ಅಮೆರಿಕದ ಫುಟ್ಬಾಲ್ ಲೀಗಿನ ಒಂದು ರಾತ್ರಿ ಪಂದ್ಯದಲ್ಲಿ ಬಫಲೋ ತಂಡ ಅಡಿಯಿಂದ ಮುಡಿಯವರೆಗೆ ಕೆಂಪು, ನ್ಯೂಯಾರ್ಕ್ ಜೆಟ್ಸ್ ತಂಡ ಪೂರ್ತಿ ಹಸಿರು ಉಟ್ಟು ಬಂತು. ಟಿವಿ ನೋಡುತ್ತಿದ್ದ ಎಷ್ಟೋ ಜನರಿಗೆ ಯಾರು ಯಾವ ತಂಡ ಎಂದೇ ಗೊತ್ತಾಗಲಿಲ್ಲ. ಅದರ ಮುಂದೆ ನಮ್ಮ ತಾಲ್ಲೂಕಿನ ಹುಡುಗನನ್ನು ದೂರುವುದು ಸರಿಯಲ್ಲ. ಸಿಗ್ನಲ್ ದೀಪದಿಂದ ಹಿಡಿದು ಶೇರು ಪೇಟೆಯವರೆಗೆ ಹಸಿರು ಅಂದರೆ ಒಳ್ಳೆಯದು, ಕೆಂಪು ಅಂದರೆ ಕೆಟ್ಟದ್ದು ಅಂತ ಎಲ್ಲ ಕಡೆ ನೋಡಿ ಬೆಳೆದವರು ನಾವು.

ಸಮಿತಿಯ ದಾರಿ: ಜೆರ್ಸಿ ಬಣ್ಣ

ಈ ಸಂಗತಿ ತಿಳಿದ ಮೇಲೆ ಸಮಿತಿಯ ಹಿರಿಯರೊಬ್ಬರು ಒಂದು ಉಪಾಯ ಹೇಳಿದರು. ಹಸಿರು, ಕೆಂಪಿನ ಗೋಜೇ ಬೇಡ, ಆಯಾ ತಂಡದ ಜೆರ್ಸಿ ಬಣ್ಣವನ್ನೇ ಚಾರ್ಟಿಗೆ ಹಾಕಿ ಅಂತ. ಕೇಳಲು ಬಹಳ ಸರಿ. ಅಭಿಮಾನಿಗಳಿಗೂ ಅದೇ ಬೇಕಿತ್ತು. ತಮ್ಮ ತಂಡದ ಗೆರೆ ತಮ್ಮ ಬಣ್ಣದಲ್ಲೇ ಮೇಲೇರುವುದನ್ನು ನೋಡುವ ಖುಷಿಯನ್ನು ನಾನು ಹಗುರವಾಗಿ ಕಾಣಲಾರೆ.

ಆದರೆ ಎಂಟು ತಂಡಗಳ ಜೆರ್ಸಿ ಹೀಗಿತ್ತು: ಎರಡು ಕೆಂಪು, ಒಂದು ಮರೂನ್, ಎರಡು ನೀಲಿ, ಹಳದಿ ಒಂದು, ಹಸಿರು ಒಂದು, ಕಪ್ಪು ಒಂದು. ಎರಡು ಕೆಂಪು ತಂಡಗಳು ಆಡಿದ ದಿನ ಚಾರ್ಟಿನಲ್ಲಿ ಎರಡೂ ಗೆರೆ ಕೆಂಪು. ಕೆಂಪು ಮತ್ತು ಮರೂನ್ ಪರದೆಯ ಮೇಲೆ ಹತ್ತು ಅಡಿ ದೂರಕ್ಕೇ ಬೆರೆತುಹೋದವು. ಹಳದಿ ತಂಡದ ಗೆರೆ ಬಿಳಿ ಹಿನ್ನೆಲೆಯಲ್ಲಿ ಮಾಯವಾಯಿತು. ಅಚ್ಚ ಹಳದಿಗೂ ಬಿಳಿಗೂ ಇರುವ ಬೆಳಕಿನ ವ್ಯತ್ಯಾಸದ ಅನುಪಾತ (ಎರಡರ ಬೆಳಕೂ ಒಂದೇ ಆದರೆ ಇದು 1) ಬರೀ 1.07. ಅಂದರೆ ವ್ಯತ್ಯಾಸ ಇಲ್ಲ ಎಂದೇ ಲೆಕ್ಕ. ಫೋನಿನಲ್ಲಿ ಡಾರ್ಕ್ ಮೋಡ್ ಇಟ್ಟುಕೊಂಡವರಿಗೆ ಕಪ್ಪು ತಂಡ ಕಾಣಲಿಲ್ಲ, ಯಾಕೆಂದರೆ ಚಿತ್ರದ ಹಿನ್ನೆಲೆಗೆ ಬಣ್ಣವನ್ನೇ ತುಂಬಿರಲಿಲ್ಲ.

ಇದಕ್ಕಿಂತ ದೊಡ್ಡ ಗೊಂದಲ ಲೀಗ್ ಪಟ್ಟಿಯಲ್ಲಿ. ಕೆಂಪು ಜೆರ್ಸಿಯ ತಂಡ ಗೆದ್ದಾಗ ಅದರ ಹೆಸರಿನ ಮುಂದೆ ಕೆಂಪು ಪಟ್ಟಿ, ಅದರ ಪಕ್ಕ ಹಾಗೇ ಉಳಿದಿದ್ದ ಗೆಲುವಿನ ಹಸಿರು ಚೌಕ. ಹಸಿರು ತಂಡ ಸೋತಾಗ ಇದರ ಉಲ್ಟಾ. ಗೇಟಿನ ಹತ್ತಿರ ನಿಂತು ನೋಡುತ್ತಿದ್ದವರು "ಇದು ಗೆದ್ದಿದ್ದಾ, ಸೋತಿದ್ದಾ?" ಅಂತ ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಒಂದೇ ಬಣ್ಣ ಒಂದು ಕಡೆ ತಂಡ, ಇನ್ನೊಂದು ಕಡೆ ಫಲಿತಾಂಶ. ಕಣ್ಣು ಎಷ್ಟೇ ಚೆನ್ನಾಗಿದ್ದರೂ ಇದನ್ನು ಬಿಡಿಸಿಕೊಳ್ಳಲು ಆಗುವುದಿಲ್ಲ.

ಎಂಟೂ ತಂಡಗಳ ಅಂಕ ವಾರದಿಂದ ವಾರಕ್ಕೆ ಹೇಗೆ ಏರಿತು ಎಂದು ಒಂದೇ ಚಾರ್ಟಿನಲ್ಲಿ ಎಂಟು ಬಣ್ಣದ ಗೆರೆ ಹಾಕಿದ್ದನ್ನೂ ನೋಡಿದೆ. ಅದರ ಬಗ್ಗೆ ಹೆಚ್ಚು ಹೇಳುವುದು ಬೇಡ. ಎಂಟು ಬಣ್ಣವನ್ನು ಪಕ್ಕದ ವಿವರ ಪಟ್ಟಿಯಲ್ಲಿ ಹುಡುಕಿ, ನೆನಪಿಟ್ಟುಕೊಂಡು, ಮತ್ತೆ ಗೆರೆಗೆ ಬರುವ ತಾಳ್ಮೆ ಆಟ ನೋಡಲು ಬಂದವರಿಗೆ ಇರುವುದಿಲ್ಲ. ಇರಬೇಕು ಎಂದು ಬಯಸುವುದೂ ತಪ್ಪು.

ಜೆರಾಕ್ಸ್ ಹೇಳಿದ ಸತ್ಯ

ನಾನು ಮೊದಲು ಬಣ್ಣ ಮುಟ್ಟಲಿಲ್ಲ. ಹಳೆಯ ಚಾರ್ಟುಗಳ ಜೆರಾಕ್ಸ್ ಪ್ರತಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತೆವು. ಹುಡುಗ ಬಳಸಿದ್ದ ಕೆಂಪು (211, 47, 47); ಪರದೆಯ ಬಣ್ಣದಲ್ಲಿ ಕೆಂಪು, ಹಸಿರು, ನೀಲಿ ಬೆಳಕು 0ಯಿಂದ 255ರೊಳಗೆ ಎಷ್ಟೆಷ್ಟು ಎಂಬ ಲೆಕ್ಕ ಇದು. ಹಸಿರು (56, 142, 60). ತುಂಬ ಆ್ಯಪ್‌ಗಳಲ್ಲಿ ಕಾಣುವ ಜೋಡಿ ಇದು. ಪರದೆಯ ಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲದ ಬಣ್ಣಗಳು. ಜೆರಾಕ್ಸಿನಲ್ಲಿ ಮಾತ್ರ ಎರಡೂ ಒಂದೇ ಬೂದು. ಬೆಳಕಿನ ಲೆಕ್ಕ ಹಾಕಿದರೆ ಇವೆರಡರ ಅನುಪಾತ ಸುಮಾರು 1.2. ಮೇಷ್ಟ್ರ ಕಣ್ಣಿಗೂ ಜೆರಾಕ್ಸ್ ಯಂತ್ರಕ್ಕೂ ತೊಂದರೆಯ ಬೇರು ಬಹುಪಾಲು ಒಂದೇ ಎಂಬುದು ಅಲ್ಲಿ ಗೊತ್ತಾಯಿತು. ಬಣ್ಣದ ವ್ಯತ್ಯಾಸ ಕೈಕೊಟ್ಟಾಗ ಹಿಡಿದುಕೊಳ್ಳಲು ಬೆಳಕಿನ ವ್ಯತ್ಯಾಸವಾದರೂ ಇರಬೇಕು. ಇಲ್ಲಿ ಅದೂ ಇರಲಿಲ್ಲ.

ಆ ಮೇಲೆ ಜಪಾನಿನ ಮಸಟಾಕ ಒಕಾಬೆ ಮತ್ತು ಕೇ ಇಟೊ ಅವರು ಎಲ್ಲರ ಕಣ್ಣಿಗೂ ಬೇರೆಬೇರೆಯಾಗಿ ಕಾಣಲೆಂದು ಜೋಡಿಸಿದ ಎಂಟು ಬಣ್ಣಗಳ ಗುಚ್ಛವನ್ನು ತೆಗೆದುಕೊಂಡೆವು. ವಿಜ್ಞಾನದ ಚಾರ್ಟುಗಳಲ್ಲಿ ಇದು ತುಂಬ ಬಳಕೆಯಲ್ಲಿದೆ. ಎಂಟೂ ಬೇಕಿರಲಿಲ್ಲ. ಒಂದು ಪಂದ್ಯಕ್ಕೆ ಎರಡು ತಂಡ, ಎರಡು ಬಣ್ಣ ಸಾಕು.

ಮೊದಲು ಕಿತ್ತಳೆ ಮತ್ತು ನೀಲಿ ಛಾಯೆಯ ಹಸಿರಿನ ಜೋಡಿ ಪರದೆಯ ಮೇಲೆ ಬಂತು. ಸಮಿತಿಯ ಹಿರಿಯರು ನೋಡಿದ ಕೂಡಲೇ ತಲೆಯಾಡಿಸಿದರು. "ಕೇಸರಿ, ಹಸಿರು ಎದುರುಬದುರು ಬೇಡ ಸಾರ್. ಆಟ ನೋಡೋಕೆ ಬಂದೋರು ಆಟಾನೇ ನೋಡ್ಲಿ." ಅವರ ಮಾತಿಗೆ ನಾನು ಪೂರ್ತಿ ಒಪ್ಪುತ್ತೇನೆ. ಕಣ್ಣಿಗೆ ಸರಿಯಾದ ಬಣ್ಣ ಊರಿಗೂ ಸರಿಯಾಗಿರಬೇಕು. ಎಲ್ಲ ಬಣ್ಣದ ಹಿಂದೆಯೂ ನಮ್ಮಲ್ಲಿ ಯಾವುದೋ ಬಾವುಟ ಇದೆ, ಪೂರ್ತಿ ತಪ್ಪಿಸಿಕೊಳ್ಳಲು ಆಗದು. ಆದರೆ ಎರಡು ಬಣ್ಣ ಎದುರಾಳಿಗಳಾಗಿ ನಿಂತಾಗ ಜನ ಏನು ಓದುತ್ತಾರೆ ಎಂದು ಊರಿನವರನ್ನು ಕೇಳಿಯೇ ತೀರ್ಮಾನಿಸಬೇಕು. ಯಾವ ತಂತ್ರಾಂಶವೂ ಅದನ್ನು ಹೇಳುವುದಿಲ್ಲ.

ಹಾಗಾಗಿ ನೀಲಿ ಮತ್ತು ಕಿತ್ತಳೆ. ನೀಲಿ (0, 114, 178). ಕಿತ್ತಳೆಯಲ್ಲಿ ಎರಡು ಆಯ್ಕೆ ಇದ್ದವು, ನಿಜವಾದ ತಲೆನೋವು ಅಲ್ಲೇ ಇದ್ದದ್ದು. ತಿಳಿ ಕಿತ್ತಳೆ (230, 159, 0) ನೀಲಿಯ ಪಕ್ಕ ಚೆನ್ನಾಗಿ ಬೇರೆಯಾಗುತ್ತದೆ. ಅನುಪಾತ 2.3, ಜೆರಾಕ್ಸಿನಲ್ಲೂ ಒಂದು ಗಾಢ, ಒಂದು ತಿಳಿ. ಆದರೆ ಬಿಳಿ ಹಾಳೆಯ ಮೇಲೆ ಅದು ಸಪ್ಪೆ. ಬಿಳಿಯ ಜೊತೆ ಅದರ ಅನುಪಾತ 2.25 ಮಾತ್ರ. ವೆಬ್ ಪುಟಗಳಿಗೆ ಜಗತ್ತಿನಾದ್ಯಂತ ಪಾಲಿಸುವ ಡಬ್ಲ್ಯುಸಿಎಜಿ 2.1 ನಿಯಮಾವಳಿ ಚಿತ್ರದ ಮುಖ್ಯ ಭಾಗಗಳಿಗೆ ಕನಿಷ್ಠ 3 ಕೇಳುತ್ತದೆ. ಗಾಢ ಕಿತ್ತಳೆ (213, 94, 0) ಬಿಳಿಯ ಮೇಲೆ 3.9ರವರೆಗೆ ಹೋಗುತ್ತದೆ. ಆದರೆ ನೀಲಿಯ ಜೊತೆ 1.3ಕ್ಕೆ ಇಳಿಯುತ್ತದೆ, ಜೆರಾಕ್ಸಿನಲ್ಲಿ ಮತ್ತೆ ಎರಡೂ ಒಂದೇ.

ಎರಡರಲ್ಲಿ ಒಂದನ್ನು ಬಿಡಲೇಬೇಕು. ಈ ಪಂದ್ಯಾವಳಿಯಲ್ಲಿ ಚಾರ್ಟನ್ನು ನಿಜವಾಗಿ ಬಳಸುವವರು ಕೋಚ್‌ಗಳು, ಅವರ ಕೈಲಿರುವುದು ಜೆರಾಕ್ಸ್. ಅದಕ್ಕೇ ತಿಳಿ ಕಿತ್ತಳೆಯನ್ನು ಇಟ್ಟುಕೊಂಡು, ಗೆರೆಯನ್ನು ದಪ್ಪ ಮಾಡಿ, ಎರಡೂ ಅಂಚಿಗೆ ಸಣ್ಣ ಗಾಢ ಕಂದು ಗೆರೆ ಕಟ್ಟಿದೆವು. ಬಿಳಿಯ ಮೇಲೆ ಅಂಚು ಎತ್ತಿ ಹಿಡಿಯುತ್ತದೆ, ನೀಲಿಯ ಪಕ್ಕ ಒಳಗಿನ ಬಣ್ಣ ಬೇರೆ ಮಾಡುತ್ತದೆ. ತುಂಡು ಗೆರೆಯನ್ನೂ ಹಾಕಿ ನೋಡಿದೆವು. ಕಬಡ್ಡಿಯ ಅಂಕ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ತುಂಡು ಗೆರೆಯಲ್ಲಿ ಮೆಟ್ಟಿಲು ಯಾವುದು, ಖಾಲಿ ಜಾಗ ಯಾವುದು ತಿಳಿಯದೆ ಅದನ್ನು ಕೈಬಿಟ್ಟೆವು. ಪಕ್ಕದ ವಿವರ ಪಟ್ಟಿಯನ್ನೂ ತೆಗೆದು, ತಂಡದ ಹೆಸರನ್ನು ಗೆರೆಯ ತುದಿಯಲ್ಲೇ ಬರೆದೆವು. ಆಲೌಟ್ ಆದ ಕಡೆ ಒಂದು ಸಣ್ಣ ಬೂದು ಗೆರೆ, ಮೇಲೆ "ಆಲೌಟ್" ಎಂಬ ಮಾತು. ಚಿತ್ರ ಕಳುಹಿಸುವ ಮೊದಲು ಹಿನ್ನೆಲೆಗೆ ಬಿಳಿ ತುಂಬುವುದು ಕಡ್ಡಾಯ ಎಂದು ಮಾಡಿಕೊಂಡೆವು.

ಹುಡುಗನ ಪ್ರಶ್ನೆ

ರೈಡ್ ನಕ್ಷೆಯ ಸರದಿ ಬಂದಾಗ, ಅಂಕ ತಂದದ್ದಕ್ಕೆ ನೀಲಿ ದುಂಡು ಚುಕ್ಕಿ, ಸಿಕ್ಕಿಬಿದ್ದದ್ದಕ್ಕೆ ಗಾಢ ಕಿತ್ತಳೆ ಕತ್ತರಿ (×) ಗುರುತು ಎಂಬ ಕರಡು ತಯಾರಾಯಿತು. ಆಕಾರವೇ ಬೇರೆ ಇರುವುದರಿಂದ ಬೂದು ಒಂದೇ ಆದರೂ ತೊಂದರೆ ಇಲ್ಲ. ಚೆನ್ನಾಗೇ ಕಾಣುತ್ತಿತ್ತು. ಹುಡುಗ ಸ್ವಲ್ಪ ಹೊತ್ತು ನೋಡಿ ಕೇಳಿದ: "ಗೆರೆ ಚಾರ್ಟಲ್ಲಿ ಕಿತ್ತಳೆ ಅಂದ್ರೆ ಎರಡನೇ ತಂಡ. ಇಲ್ಲಿ ಕಿತ್ತಳೆ ಅಂದ್ರೆ ಔಟ್. ಎರಡೂ ಒಂದೇ ಹಾಳೇಲಿ ಬರುತ್ತೆ, ಗೊಂದಲ ಆಗಲ್ವಾ ಸಾರ್?"

ಈ ಪ್ರಕರಣದಲ್ಲಿ ನನ್ನ ಮಟ್ಟಿಗೆ ಇದೇ ಅತಿ ದೊಡ್ಡ ತಿರುವು. ಜೆರ್ಸಿ ಬಣ್ಣದ ಲೀಗ್ ಪಟ್ಟಿಯಲ್ಲಿ ಆಗಿದ್ದ ಗೊಂದಲವೇ ಒಳ್ಳೆಯ ಬಣ್ಣದಲ್ಲಿ ಮತ್ತೆ ಬರುತ್ತಿತ್ತು. ಆಗ ಒಂದು ಗೆರೆ ಎಳೆದೆವು: ಬಣ್ಣ ಹೇಳುವುದು ಯಾವ ತಂಡ ಎಂಬುದನ್ನು ಮಾತ್ರ. ಗೆದ್ದದ್ದು, ಸೋತದ್ದು, ಸಿಕ್ಕಿದ್ದು, ತಪ್ಪಿಸಿಕೊಂಡದ್ದು, ಇದೆಲ್ಲ ಆಕಾರದ ಕೆಲಸ.

ಹಾಗೆ ನಕ್ಷೆಯಲ್ಲಿ ಬಣ್ಣವೇ ಹೋಯಿತು. ತುಂಬಿದ ಕಪ್ಪು ಚುಕ್ಕಿ ಅಂದರೆ ಅಂಕ, ಕಪ್ಪು ಕತ್ತರಿ ಗುರುತು ಅಂದರೆ ಔಟ್, ಖಾಲಿ ರೈಡಿಗೆ ಸಣ್ಣ ತಿಳಿ ಬೂದು ಚುಕ್ಕಿ. ಲೀಗ್ ಪಟ್ಟಿಯಲ್ಲಿ ಗೆಲುವಿಗೆ ತುಂಬಿದ ವೃತ್ತ, ಸೋಲಿಗೆ ಖಾಲಿ ವೃತ್ತ, ಟೈಗೆ ಅರ್ಧ ತುಂಬಿದ ವೃತ್ತ, ಕೆಳಗೆ ಗೆ, ಸೋ, ಟೈ ಎಂಬ ಅಕ್ಷರ. ಎಂಟು ಗೆರೆಯ ಚಾರ್ಟಿನಲ್ಲಿ ಏಳು ತಂಡ ತಿಳಿ ಬೂದು, ಒಂದು ಮಾತ್ರ ನೀಲಿ. ಯಾವ ತಂಡದ ಗುಂಪಿಗೆ ಹೋಗುತ್ತದೋ ಆ ತಂಡ ನೀಲಿ. ಒಂದೇ ಲೆಕ್ಕದಿಂದ ಎಂಟು ಚಿತ್ರ ತೆಗೆಯುವುದು ಹುಡುಗನಿಗೆ ಕಷ್ಟವಾಗಲಿಲ್ಲ.

ಆಮೇಲೆ ಏನಾಯಿತು

ಮೊದಲ ವಾರ ವಾಟ್ಸಾಪ್ ಗುಂಪುಗಳಲ್ಲಿ ಬೇಸರ ಕಾಣಿಸಿತು. "ಕಳೆ ಇಲ್ಲ", "ನಮ್ಮ ಬಣ್ಣ ಎಲ್ಲಿ" ಅಂತ. ಕೆಂಪು ತಂಡದವರಿಗೆ ತಮ್ಮ ಗೆರೆ ನೀಲಿಯಾಗಿದ್ದು ಇಷ್ಟವಾಗಲಿಲ್ಲ. ಅವರ ಮಾತನ್ನು ತಳ್ಳಿಹಾಕುವ ಹಾಗಿರಲಿಲ್ಲ. ತಂಡದ ಹೆಸರಿನ ಪಕ್ಕ ಜೆರ್ಸಿಯ ಸಣ್ಣ ಚಿತ್ರ ಹಾಕಿ, ಅದಕ್ಕೆ ಜೆರ್ಸಿ ಬಣ್ಣವನ್ನೇ ಕೊಟ್ಟೆವು. ಚಾರ್ಟಿನ ಒಳಗೆ ಅದು ಕಾಲಿಡುವುದಿಲ್ಲ. ದೂರು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ.

ಇನ್ನೊಂದು ತೊಡಕು ಉಳಿದೇ ಇತ್ತು. ಪರದೆಯಲ್ಲಿ ಎಡಕ್ಕೆ ಬರುವ ತಂಡಕ್ಕೆ ನೀಲಿ, ಬಲಕ್ಕೆ ಬರುವ ತಂಡಕ್ಕೆ ಕಿತ್ತಳೆ ಎಂಬುದು ನಿಯಮ. ಹಾಗಾಗಿ ಒಂದು ತಂಡ ಶನಿವಾರ ನೀಲಿ, ಭಾನುವಾರ ಕಿತ್ತಳೆ. ಒಂದೊಂದೇ ಪಂದ್ಯ ನೋಡುವವರಿಗೆ ಏನೂ ಅನ್ನಿಸಲಿಲ್ಲ. ಎರಡು ದಿನದ ಚಾರ್ಟ್ ಪಕ್ಕ ಪಕ್ಕ ಇಟ್ಟು ನೋಡುವ ಕೋಚ್‌ಗಳಿಗೆ ಕಿರಿಕಿರಿ ಆಯಿತು. ಕೋಚ್‌ಗೆ ಕೊಡುವ ಪ್ರತಿಯಲ್ಲಿ ಅವರ ತಂಡ ಯಾವಾಗಲೂ ನೀಲಿ, ಎದುರಾಳಿ ಯಾವಾಗಲೂ ಕಿತ್ತಳೆ ಎಂದು ಬದಲಿಸಿದ ಮೇಲೆ ಅದು ಸರಿಹೋಯಿತು. ಒಂದೇ ಪಂದ್ಯಕ್ಕೆ ಎರಡು ಪ್ರತಿ ಮಾಡಬೇಕಾಗುತ್ತದೆ. ಆದರೆ ಓದುವವರು ಬೇರೆ ಆದಾಗ ಚಾರ್ಟೂ ಬೇರೆ ಆಗುವುದರಲ್ಲಿ ತಪ್ಪೇನಿಲ್ಲ ಎಂದು ನನ್ನ ನಂಬಿಕೆ.

ಮೇಷ್ಟ್ರು ಹೊಸ ನಕ್ಷೆಯ ಜೆರಾಕ್ಸ್ ಹಿಡಿದು ಬಹಳ ಹೊತ್ತು ಮಾತಾಡಲಿಲ್ಲ. ಬಲ ಮೂಲೆಯಲ್ಲಿ ಕತ್ತರಿ ಗುರುತುಗಳು ಗುಂಪಾಗಿ ಕೂತಿದ್ದವು. ರೈಡರನ್ನು ಕರೆದು, ಬೋನಸ್ ಗೆರೆಯ ಹತ್ತಿರ ಎಡಕ್ಕಿದ್ದ ತುಂಬಿದ ಚುಕ್ಕಿಗಳ ಮೇಲೆ ಬೆರಳಿಟ್ಟು ತೋರಿಸಿದರು. ಅದರಿಂದಲೇ ತಂಡ ಮುಂದೆ ಗೆದ್ದಿತು ಎಂದು ನಾನು ಹೇಳಲಾರೆ. ಕಬಡ್ಡಿಯಲ್ಲಿ ಒಂದು ಪಂದ್ಯಕ್ಕೆ ನೂರು ಕಾರಣ ಇರುತ್ತವೆ. ಮೇಷ್ಟ್ರು ಯಾರ ಸಹಾಯವೂ ಇಲ್ಲದೆ ತಮ್ಮ ಹುಡುಗನ ಆಟವನ್ನು ತಾವೇ ಓದಿದರು ಎಂದಷ್ಟೇ ಖಚಿತವಾಗಿ ಹೇಳಬಲ್ಲೆ. ಮೊದಲಿನಿಂದಲೂ ಅದು ಅವರಿಗೆ ಸಿಗಬೇಕಿತ್ತು.

ಈಗ ಹುಡುಗ ಯಾವ ಚಾರ್ಟನ್ನೂ ಪರೀಕ್ಷಿಸದೆ ಕಳುಹಿಸುವುದಿಲ್ಲ. ಆಂಡ್ರಾಯ್ಡ್ ಫೋನಿನ ಡೆವಲಪರ್ ಆಯ್ಕೆಗಳಲ್ಲಿ ಪರದೆಯನ್ನು ಬೇರೆ ಬೇರೆ ಬಗೆಯ ಬಣ್ಣದೃಷ್ಟಿಗೆ ತಿರುಗಿಸುವ ಸೌಲಭ್ಯ ಇದೆ. ಕ್ರೋಮ್ ಬ್ರೌಸರಿನಲ್ಲೂ ಇದೆ. ಮೊದಲು ಪೂರ್ತಿ ಬೂದು ಮಾಡಿ ನೋಡುತ್ತಾನೆ, ಆಮೇಲೆ ಕೆಂಪು-ಹಸಿರು ತೊಂದರೆಯ ಬಗೆಯಲ್ಲಿ. ಕೊನೆಗೆ ಒಂದು ಜೆರಾಕ್ಸ್ ತೆಗೆಸಿ ದೀಪದ ಕೆಳಗೆ ಹಿಡಿಯುತ್ತಾನೆ. ಅದಕ್ಕೆ ಖರ್ಚಾಗುವುದು ಒಂದು ಹಾಳೆಯ ದುಡ್ಡು ಮಾತ್ರ.

ಸಮಿತಿಯವರು ಮುಂದಿನ ವರ್ಷದ ತಂಡ ನೋಂದಣಿ ಫಾರಂನಲ್ಲಿ ಎರಡು ಸಾಲು ಸೇರಿಸಿದ್ದಾರೆ. ತಂಡದ ಜೆರ್ಸಿ ಬಣ್ಣ ಯಾವುದು, ಎದುರಾಳಿಯದೂ ಅದೇ ಆದರೆ ಹಾಕುವ ಎರಡನೇ ಬಣ್ಣ ಯಾವುದು. ಚಾರ್ಟಿನ ಬಣ್ಣ ಆರಿಸುವ ಸಾಲನ್ನೂ ಸೇರಿಸಬೇಕೆಂದು ಇಬ್ಬರು ಕೇಳಿದ್ದರು. ಅದನ್ನು ಸ್ಕೋರರ್ ಮೇಜಿಗೇ ಬಿಡುವುದು ಎಂದು ಸಭೆಯಲ್ಲಿ ತೀರ್ಮಾನವಾಯಿತು.